ರವಿಕೆ ಕೇಳಿದವರ ಮನೆಗೆ ಬಾವಿ ರಿಂಗು ಮುಟ್ಟಿಸಿದ ಮುನ್ನೂರ ಒಂದು ಅವರಿಗೆ

ಮಾನ್ಯ ಮುನ್ನೂರ ಒಂದು ಅವರ ಸನ್ನಿಧಾನಕ್ಕೆ,

ನಂಜನಗೂಡಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ರವಿಕೆ ಹೊಲಿದು ಬದುಕುವ ಪಲ್ಲವಿ ಎಂಬ ನಾನು, ತಾವು ವಾಸಿಸುವ ಕಂಪ್ಯೂಟರು ಸದಾ ತಣ್ಣಗಿರಲಿ, ಅದಕ್ಕೆ ಕರೆಂಟು ತಪ್ಪದಿರಲಿ, ತಮ್ಮ ಸಂಖ್ಯೆಯಲ್ಲಿ ಒಂದಂಕಿಯೂ ಸವೆಯದಿರಲಿ ಎಂದು ಮೊದಲಿಗೆ ಹಾರೈಸುತ್ತೇನೆ. ಹಾರೈಕೆ ಮನಃಪೂರ್ವಕವಾದದ್ದು. ಅದರ ಹಿಂದೆಯೇ ಬರುವ ದೂರೂ ಅಷ್ಟೇ ಮನಃಪೂರ್ವಕವಾದದ್ದೆಂದು ತಾವು ದಯವಿಟ್ಟು ತಿಳಿಯಬೇಕು.

ಪತ್ರ ಬಹಿರಂಗವಾದ್ದರಿಂದ ತಮ್ಮ ಪರಿಚಯವಿಲ್ಲದ ಓದುಗರಿಗೆ ಎರಡು ಮಾತು ಹೇಳಬೇಕಾಗಿದೆ. ಒಂದು ವೆಬ್‌ಸೈಟು ಹಳೆಯ ಜಾಗ ಬಿಟ್ಟು ಹೊಸ ಜಾಗಕ್ಕೆ ಹೋದಾಗ, ಹಳೆಯ ಲಿಂಕು ಹಿಡಿದು ಬಂದವರು ದಿಕ್ಕೆಟ್ಟು ನಿಲ್ಲಬಾರದೆಂದು ಬಾಗಿಲಲ್ಲಿ ಒಬ್ಬರನ್ನು ನಿಲ್ಲಿಸುತ್ತಾರೆ. ಅವರು ಬಂದವರಿಗೆ, ಇಲ್ಲಿದ್ದವರು ಶಾಶ್ವತವಾಗಿ ಇಂಥ ಕಡೆ ಹೋದರು ಎಂದು ತಿಳಿಸಿ, ಕೈಹಿಡಿದು ಅಲ್ಲಿಯವರೆಗೂ ಮುಟ್ಟಿಸಿ ಬರುತ್ತಾರೆ. ಇದಕ್ಕೆ ರೀಡೈರೆಕ್ಟ್ ಎನ್ನುತ್ತಾರೆ; ಈ ಹುದ್ದೆಯಲ್ಲಿರುವವರ ಸಂಖ್ಯೆ ಮುನ್ನೂರ ಒಂದು. ತಮ್ಮ ಸೋದರ ಮುನ್ನೂರ ಎರಡು ಅವರದೂ ಇದೇ ಕೆಲಸವಾದರೂ ಅವರು 'ಸದ್ಯಕ್ಕೆ ಮಾತ್ರ' ಎಂದು ಸೇರಿಸುತ್ತಾರೆ. ದಾಯಾದಿ ನಾನೂರ ನಾಲ್ಕು ಅವರು ಮಾತ್ರ 'ಅಂಥವರು ಇಲ್ಲಿಲ್ಲ' ಎಂದು ಮುಖದ ಮೇಲೆ ಬಾಗಿಲು ಹಾಕಿಕೊಳ್ಳುತ್ತಾರೆ. ಇಡೀ ವಂಶದಲ್ಲಿ ತಾವೇ ಸಂಭಾವಿತರೆಂದು ನಾನೂ ನಂಬಿಕೊಂಡಿದ್ದೆ.

ನಾನು ಹೊಲಿದ ಪ್ರತಿ ರವಿಕೆಯ ಒಳಗಡೆ, ಬೆನ್ನಿನ ಮೇಲ್ಭಾಗದಲ್ಲಿ, ಬೆರಳಗಲದ ಒಂದು ಬಟ್ಟೆ ಚೀಟಿ ಇರುತ್ತದೆ. ಅದರಲ್ಲಿ ನನ್ನ ಹೆಸರು, ನನ್ನ ಪುಟದ ಲಿಂಕು, ಫೋನು ಹಿಡಿದರೆ ಓದಿಕೊಳ್ಳುವ ಕಪ್ಪು ಚೌಕ. ಮದುವೆಮನೆಯಲ್ಲಿ ಒಬ್ಬರ ರವಿಕೆ ಇನ್ನೊಬ್ಬರ ಕಣ್ಣಿಗೆ ಹಿಡಿಸಿದರೆ ಅವರನ್ನು ಮರೆಗೆ ಕರೆದೊಯ್ದು, ಚೀಟಿ ತಿರುಗಿಸಿ, ಫೋನು ಹಿಡಿಯುತ್ತಾರೆ. ನನ್ನ ಪುಟ ತೆರೆಯುತ್ತದೆ. ಅಳತೆ, ತೋಳಿನ ಉದ್ದ, ಕತ್ತಿನ ಆಕಾರ ತುಂಬಿ, ಬಟ್ಟೆಯನ್ನು ಬಸ್ಸಿನ ಕಂಡಕ್ಟರ ಕೈಗೆ ಕೊಟ್ಟರೆ ಮುಗಿಯಿತು. ನನಗೆ ಬೇರೆ ಬೋರ್ಡಿಲ್ಲ, ಜಾಹೀರಾತಿಲ್ಲ, ಅಂಗಡಿ ನಿಂತಿರುವುದು ಆ ಚೀಟಿಯ ಮೇಲೆ. ಅಂಗಡಿಯನ್ನಾದರೂ ಬೇರೆ ಓಣಿಗೆ ಬದಲಿಸಬಹುದು. ಊರೂರಿನ ಬೀರುಗಳಲ್ಲಿ ಮಡಿಸಿಟ್ಟ ರವಿಕೆಗಳನ್ನೆಲ್ಲ ಹೊರಗೆ ತೆಗೆಸಿ ಚೀಟಿ ಬಿಚ್ಚಿ ಹೊಸದು ಹೊಲಿಯಲು ನನ್ನಿಂದ ಸಾಧ್ಯವಿಲ್ಲ. ಆದ್ದರಿಂದ ಹಳೆಯ ಲಿಂಕು ಒತ್ತಿದವರು ನನ್ನ ಬಳಿಗೇ ಬರಬೇಕು. ನನ್ನ ಬೇಡಿಕೆ ಇಷ್ಟೇ.

ಆ ಪುಟ ಇದ್ದದ್ದು ನಂಜನಗೂಡಿನ ನಮ್ಮ ಮಹಿಳಾ ಕಸುಬುದಾರರ ಒಕ್ಕೂಟದ ವೆಬ್‌ಸೈಟಿನಲ್ಲಿ. ನಮ್ಮ ಒಕ್ಕೂಟವೂ ಟಿ. ನರಸೀಪುರದ ಒಕ್ಕೂಟವೂ ಒಂದಾಗಿ ಹೊಸ ವೆಬ್‌ಸೈಟು ಮಾಡಬೇಕೆಂದೂ, ಅದರಲ್ಲಿ ಮನೆಗೊಂದೇ ಪುಟವಿದ್ದು ಆ ಮನೆಯವರ ಕಸುಬುಗಳೆಲ್ಲ ಒಟ್ಟಿಗೇ ಇರಬೇಕೆಂದೂ ತೀರ್ಮಾನವಾಯಿತು. ಕಂಪ್ಯೂಟರ್ ಕೆಲಸ ನೋಡಿಕೊಳ್ಳುವ ಸೋಮಶೇಖರ್ ಅವರು ಜವಾಬ್ದಾರಿಯುಳ್ಳವರಾದ್ದರಿಂದ, ಹಳೆಯ ಲಿಂಕುಗಳನ್ನು ಎಲ್ಲೆಲ್ಲಿಗೆ ಕಳುಹಿಸಬೇಕೆಂದು ಮೊದಲೇ ಯೋಜಿಸದೆ ವೆಬ್‌ಸೈಟು ಬದಲಿಸಬಾರದೆಂದು ಎಲ್ಲೋ ಓದಿಕೊಂಡು ಸಭೆ ಕರೆದರು. ಯಾರನ್ನು ಕೇಳಿ ಯೋಜಿಸಬೇಕು ಎಂಬುದನ್ನು ಅವರು ಓದಿದ ಕಡೆ ಬರೆದಿರಲಿಲ್ಲವೆಂದು ಕಾಣುತ್ತದೆ. ಲಗ್ನದ ಕಾಲವಾದ್ದರಿಂದ ಕಸುಬಿನವರಾರಿಗೂ ಸಭೆಗೆ ಹೋಗಲಾಗಲಿಲ್ಲ. ಬಿಡುವಿದ್ದವರು ಹೋದರು, ಮತ್ತು ಅವರ ಮುಂದಾಳಾಗಿ ನಮ್ಮ ಹಿರಿಯ ಸದಸ್ಯೆ ಮಲ್ಲಾಜಮ್ಮನವರು ಹೋದರು. ಎರಡು ತಾಲ್ಲೂಕಿನಲ್ಲಿ ಯಾವ ಹೆಣ್ಣನ್ನು ಯಾವ ಊರಿಗೆ ಕೊಟ್ಟರು, ಊಟಕ್ಕೆ ಪಾಯಸ ಸಾಲಿತೋ ಇಲ್ಲವೋ ಎಂಬುದು ಅವರ ಬಾಯಲ್ಲೇ ಇರುತ್ತದೆ.

ಸೋಮಶೇಖರ್ ಹಳೆಯ ಪುಟಗಳ ಹೆಸರನ್ನು ಗೋಡೆಯ ಮೇಲೆ ಬೆಳಗಿಸಿ, "ಪಲ್ಲವಿ, ನಂಜನಗೂಡು. ಇದನ್ನ ಎಲ್ಲಿಗೆ ಕಳ್ಸೋಣ ಅಮ್ಮ?" ಎಂದು ಕೇಳಿದರಂತೆ. ಮಲ್ಲಾಜಮ್ಮನವರು ಎಲೆಅಡಿಕೆಯನ್ನು ಈ ಕೆನ್ನೆಯಿಂದ ಆ ಕೆನ್ನೆಗೆ ಸರಿಸಿ, "ಅದ ಕಳ್ಸಿ ಆಯ್ತಲ್ಲಪ್ಪ. ನರಸೀಪುರಕ್ಕೆ ಕೊಟ್ರಲ್ಲ, ರಿಂಗ್ ಆಕೋ ಚೆಲುವರಾಜುಗೆ. ಅಲ್ಗೇ ಆಕು" ಎಂದರಂತೆ. ಮುಂದಿನ ಹೆಸರು ಬಂತು, ಅದನ್ನೂ ಕೊಟ್ಟ ಊರಿಗೆ ಹಾಕಿದರು. ಹೀಗೆ ಎರಡು ತಾಲ್ಲೂಕಿನ ಹೆಣ್ಣುಮಕ್ಕಳ ಕಸುಬುಗಳೆಲ್ಲ ಒಂದೇ ಮಧ್ಯಾಹ್ನದಲ್ಲಿ, ವಾಲಗವಿಲ್ಲದೆ, ಗಂಡನ ಮನೆ ಸೇರಿದವು. ಮದುವೆಯಾಗದವರ ಪುಟಗಳನ್ನು ವೆಬ್‌ಸೈಟಿನ ಮುಖಪುಟಕ್ಕೆ ಕಳುಹಿಸಿ, ಗಂಡು ಸಿಗುವವರೆಗೆ ಅಲ್ಲೇ ಇರಲಿ ಎಂದು ಬಿಟ್ಟರಂತೆ.

ಸೋಮಶೇಖರ್ ಅವರ ಮೇಲೆ ಪೂರ್ತಿ ತಪ್ಪು ಹೊರಿಸಲಾರೆ. ಅವರು ಒಂದು ಹಂತದಲ್ಲಿ ತಲೆ ಕೆರೆದುಕೊಂಡು, ಸದ್ಯಕ್ಕೆ ಟೆಂಪ್ರವರಿ ಎಂದು ಹಾಕಿಡುತ್ತೇನೆ, ಹೆಚ್ಚುಕಮ್ಮಿಯಾದರೆ ಆಮೇಲೆ ತಿದ್ದಬಹುದು ಎಂದಿದ್ದರಂತೆ. ಅಂದರೆ ತಮ್ಮ ಸೋದರರಿಗೆ ಕೆಲಸ ಸಿಗುವುದರಲ್ಲಿತ್ತು. ಆಗ ಮಲ್ಲಾಜಮ್ಮನವರು ಕುಳಿತಲ್ಲಿಂದ ಎದ್ದರಂತೆ. "ಧಾರೆ ಎರ್ದು ಕೊಟ್ಟಿರೋ ಎಣ್ಣಿಗೆ ಟೆಂಪ್ರವರಿ ಅಂತ ಬರೀತೀಯಾ? ಎತ್ತೋರು ಏನನ್ಕತಾರೆ, ಕೊಟ್ಟ ಮನೆಯೋರು ಏನನ್ಕತಾರೆ? ಪರ್ಮನೆಂಟೇ ಆಕು ಕಣಪ್ಪ." ಸಭೆ ಒಪ್ಪಿತು. ತಾವು ನೇಮಕವಾದದ್ದು ಹೀಗೆ. ಹೆಣ್ಣಿನ ಮಾನ ಕಾಪಾಡಲೆಂದೇ ತಮ್ಮನ್ನು ಕರೆತರಲಾಯಿತು ಎಂಬುದು ತಮ್ಮ ಸೇವಾ ಪುಸ್ತಕದಲ್ಲಿ ದಾಖಲಾಗತಕ್ಕ ವಿಷಯ.

ತಮ್ಮ ಕಾರ್ಯನಿಷ್ಠೆಗೆ ತಗಡೂರಿನ ಧನುಶ್ರೀಯ ಉಪ್ಪಿನಕಾಯಿ ಪುಟವೇ ಸಾಕ್ಷಿ. ಆಕೆ ಗಂಡನೊಡನೆ ಮುನಿಸಿಕೊಂಡು ತವರಿಗೆ ಬಂದಿದ್ದಾಳೆ. ಪದ್ಧತಿಯಂತೆ ಆಕೆಯ ತವರಿನ ಪುಟ ಗಂಡನ ಮನೆಗೆ ಕಳುಹಿಸುತ್ತದೆ. ಗಂಡನ ಮನೆಯವರು ಹಠ ಹಿಡಿದು ತಮ್ಮ ಪುಟದಿಂದ ತವರಿಗೆ ಕಳುಹಿಸುವಂತೆ ಬರೆಸಿದ್ದಾರೆ. ನಿಂಬೆಕಾಯಿ ಉಪ್ಪಿನಕಾಯಿ ಬೇಕೆಂದು ಒತ್ತಿದವರನ್ನು ತಾವು ಕೊಂಚವೂ ಬೇಸರಿಸದೆ ಅಲ್ಲಿಂದಿಲ್ಲಿಗೆ ಇಲ್ಲಿಂದಲ್ಲಿಗೆ ಓಡಾಡಿಸುತ್ತೀರಿ. ಕೊನೆಗೆ ಫೋನೇ ಸುಸ್ತಾಗಿ, ಈ ಪುಟ ನಿಮ್ಮನ್ನು ತೀರಾ ಹೆಚ್ಚು ಸಲ ಬೇರೆಡೆಗೆ ಕಳುಹಿಸಿದೆ ಎಂದು ಬರೆದು ಕೈಚೆಲ್ಲುತ್ತದೆ. ಅವರಿಬ್ಬರ ನ್ಯಾಯಕ್ಕೆ ಕುಳಿತ ಹಿರಿಯರು ಯಾರೂ ಇಷ್ಟು ಸ್ಪಷ್ಟವಾಗಿ ಹೇಳಿರಲಿಲ್ಲವೆಂದು ಧನುಶ್ರೀಯೇ ನನಗೆ ತಿಳಿಸಿದಳು.

ಇನ್ನು ನನ್ನ ವಿಷಯ. ನಮ್ಮ ಯಜಮಾನರು ಚೆಲುವರಾಜು, ಬಾವಿಗೂ ಇಂಗುಗುಂಡಿಗೂ ಇಳಿಸುವ ಸಿಮೆಂಟ್ ರಿಂಗು ಹಾಕುತ್ತಾರೆ. ನರಸೀಪುರದಲ್ಲಿ ನಮ್ಮ ಮನೆಯ ಪಕ್ಕದ ಖಾಲಿ ಜಾಗವೇ ಅವರ ಕಾರ್ಖಾನೆ. ನಾನು ಅದೇ ಮನೆಯಿಂದ ಬೆಳಿಗ್ಗೆ ಬಸ್ಸು ಹತ್ತಿ ನಂಜನಗೂಡಿನ ಅಂಗಡಿಗೆ ಬಂದು ಸಂಜೆ ಹಿಂದಿರುಗುತ್ತೇನೆ. ಹೊಸ ವೆಬ್‌ಸೈಟಿನಲ್ಲಿ ನಮ್ಮ ಮನೆಯ ಪುಟ ತೆರೆದರೆ ಮೊದಲು ಒಂದು ರಿಂಗು, ಅದರ ಕೆಳಗೆ ಇನ್ನೊಂದು ದೊಡ್ಡ ರಿಂಗು, ಅದರ ಪಕ್ಕದಲ್ಲಿ ರಿಂಗಿನೊಳಗೆ ನಿಂತ ಯಜಮಾನರು. ಎಲ್ಲಕ್ಕಿಂತ ಕೆಳಗೆ ಒಂದು ಸಾಲು: 'ಮನೆಯಾಕೆಗೆ ಹೊಲಿಗೆಯೂ ಬರುತ್ತದೆ.' ಹೆಸರಿಲ್ಲ. ಆ 'ಹೊಲಿಗೆಯೂ' ಎಂಬುದನ್ನು ಓದಿದ ದಿನ ನನಗೆ ಅನ್ನ ಸೇರಲಿಲ್ಲ.

ಅದನ್ನು ನಾನು ಓದಿದ್ದೂ ತಡವಾಗಿ. ಲಗ್ನದ ಕಾಲದಲ್ಲಿ ಆರ್ಡರು ನಿಂತದ್ದೇಕೆಂದು ನಾನು ಅಂಗಡಿಯಲ್ಲಿ ತಲೆಗೆ ಕೈಕೊಟ್ಟು ಕುಳಿತಿದ್ದಾಗ, ನರಸೀಪುರದಲ್ಲಿ ಯಜಮಾನರ ಫೋನು ಬಿಡುವಿಲ್ಲದೆ ಬಡಿದುಕೊಳ್ಳುತ್ತಿತ್ತು. ಯಾರೋ ಹೆಂಗಸರು, ಪಫ್ ತೋಳು ಇಡುತ್ತೀರಾ ಎಂದು ಕೇಳುತ್ತಿದ್ದರು; ಬೆನ್ನಿನ ಕಡೆ ಬಟ್ಟಲಾಕಾರ ಬೇಕೆನ್ನುತ್ತಿದ್ದರು. ಸಂಕೋಚದ ಮನುಷ್ಯ, "ಅಕ್ಕ, ನಾನು ರಿಂಗಿನವ್ನು ಕಣಕ್ಕ" ಎಂದು ಹೇಳಿ ಇಡುತ್ತಿದ್ದರಂತೆ. ಗುರುತಿಲ್ಲದ ಹೆಂಗಸರು ತಮ್ಮೊಡನೆ ರವಿಕೆಯ ಮಾತಾಡುತ್ತಾರೆಂದು ಹೆಂಡತಿಗೆ ಹೇಗೆ ಹೇಳುವುದೆಂದು ತಿಳಿಯದೆ, ಮನೆಯಲ್ಲಿ ಫೋನನ್ನು ಬೋರಲು ಹಾಕಿ ಮಲಗಿಸಿದ್ದರು.

ಗುಟ್ಟು ಹೊರಬಿದ್ದದ್ದು ಹೆಮ್ಮರಗಾಲದಲ್ಲಿ. ಅಲ್ಲಿಯ ಸಿದ್ದಲಿಂಗಮ್ಮನವರು ನನ್ನ ಹಳೆಯ ಗಿರಾಕಿ. ಮಗಳ ಅಳತೆ ತುಂಬಿದ ಒಂದು ಲಿಂಕನ್ನು ಹಿಂದೊಮ್ಮೆ ನಾನೇ ಮಾಡಿಕೊಟ್ಟಿದ್ದೆ. ಒತ್ತಿದರೆ ಸಾಕು, ಮತ್ತೆ ಏನೂ ತುಂಬಬೇಕಾಗಿಲ್ಲ. ಮಗಳ ಧಾರೆ ರವಿಕೆಗಾಗಿ ಅವರು ಅದನ್ನು ಒತ್ತಿದರು. ತಾವು ಆ ಲಿಂಕನ್ನು, ಅದರ ಬಾಲದಲ್ಲಿದ್ದ ಎದೆಸುತ್ತಳತೆ ಮೂವತ್ತಾರನ್ನೂ ಬೀಳಿಸದೆ, ಜೋಪಾನವಾಗಿ ನರಸೀಪುರಕ್ಕೆ ಮುಟ್ಟಿಸಿದಿರಿ. ಅಲ್ಲಿಯ ಪುಟದಲ್ಲಿ ತುಂಬಬೇಕಾದ ಜಾಗ ಒಂದೇ ಇತ್ತು, ಎಷ್ಟು ರಿಂಗು ಬೇಕು ಎಂಬುದು. ಮೂವತ್ತಾರು ಅದರಲ್ಲಿ ಹೋಗಿ ಕುಳಿತಿತು. ಯಜಮಾನರು ಫೋನು ಮಾಡಿ ಅರ್ಜೆಂಟಾ ಎಂದು ಕೇಳಿದರೆ, ಸಿದ್ದಲಿಂಗಮ್ಮನವರು ಮದುವೆಗೆ ಮುಂಚೆ ಬೇಕೇ ಬೇಕು ಎಂದರು. ಗಾಡಿ ಬರುತ್ತದೆ ಎಂದಾಗ, ಪಲ್ಲವಿಯ ಯಜಮಾನರೇ ಬಟ್ಟೆ ಒಯ್ಯಲು ಬರುತ್ತಾರೆಂದು ತಿಳಿದು ರೇಷ್ಮೆ ತುಂಡನ್ನು ಕವರಿಗೆ ಹಾಕಿ ಕಾದರು. ಸಾಲಾಗಿ ಬಂದ ಟ್ರ್ಯಾಕ್ಟರುಗಳಿಂದ ರಿಂಗುಗಳು ಇಳಿದು ಚಪ್ಪರದ ಸುತ್ತ ಕೋಟೆಯಂತೆ ನಿಂತವು. ಬೀಗರಿಗೆ ಒಳಗೆ ಬರಲು ದಾರಿಯಿರಲಿಲ್ಲ.

ರಿಂಗುಗಳೊಡನೆ ಬಂದಿದ್ದ ಯಜಮಾನರ ಫೋನಿನಿಂದಲೇ ಸಿದ್ದಲಿಂಗಮ್ಮನವರು ನನ್ನೊಡನೆ ಮಾತಾಡಿದರು. "ರವಿಕೆ ಕೇಳುದ್ರೆ ಬಾವಿ ಕಳ್ಸಿದ್ದೀಯಲ್ಲವ್ವ. ನಿನ್ ಚೀಟಿ ನಂಬ್ಕೊಂಡಿದ್ನಲ್ಲವ್ವ." ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಬೈಯಲಿಲ್ಲ. ನಾನು ಅಂಗಡಿಗೆ ಬೀಗ ಹಾಕಿ, ಮೆಷಿನ್ನನ್ನು ಆಟೋಗೆ ಏರಿಸಿಕೊಂಡು ಹೆಮ್ಮರಗಾಲಕ್ಕೆ ಹೋದೆ. ಚಪ್ಪರದ ಕೆಳಗೆ ಒಂದು ರಿಂಗಿನ ಮೇಲೆ ಹಲಗೆ ಹಾಕಿ ಮೆಷಿನ್ ಇಟ್ಟು, ಇನ್ನೊಂದರ ಮೇಲೆ ನಾನು ಕುಳಿತು, ಬೀಗರು, ನೆಂಟರು, ಅಡುಗೆಯವರು ಎಲ್ಲರ ಎದುರಿಗೆ ಧಾರೆ ರವಿಕೆ ಹೊಲಿದೆ. ಯಜಮಾನರು ಪಕ್ಕದಲ್ಲಿ ನಿಂತು ದಾರ ಪೋಣಿಸಿಕೊಟ್ಟರು. ಹುಡುಗಿ ಅದನ್ನು ತೊಟ್ಟುಕೊಂಡೇ ಧಾರೆಗೆ ಕುಳಿತಳು. ಆದರೆ ಅಲ್ಲಿ ಬಂದಿದ್ದ ಹೆಂಗಸರು ಮರೆಯಲ್ಲಿ ಚೀಟಿ ತಿರುಗಿಸಿ ಫೋನು ಹಿಡಿದಾಗಲೆಲ್ಲ ಸಿಮೆಂಟಿನ ರಿಂಗೇ ಕಂಡು, ಕಣ್ಣು ಕಿರಿದು ಮಾಡಿ ನನ್ನನ್ನು ನೋಡಿದರು.

ಮರುದಿನವೇ ಒಕ್ಕೂಟಕ್ಕೆ ಹೋಗಿ, ನನ್ನ ಹಳೆಯ ಪುಟ ನನಗೆ ಬೇಕು, ಈ ರೀಡೈರೆಕ್ಟ್ ತೆಗೆಯಿರಿ ಎಂದು ಕೇಳಿದೆ. ಸೋಮಶೇಖರ್ ಮಲ್ಲಾಜಮ್ಮನವರ ಮುಖ ನೋಡಿದರು. ಮಲ್ಲಾಜಮ್ಮನವರು ನನ್ನ ಮುಖ ನೋಡಿ, ನನ್ನ ತಲೆ ಸವರಿದರು. ಆ ಸವರಿದ್ದರ ಅರ್ಥ ನನಗೆ ತಿಳಿದದ್ದು ಭಾನುವಾರ, ನರಸೀಪುರದ ನಮ್ಮ ಮನೆಯಂಗಳದಲ್ಲಿ ಎರಡೂ ಕಡೆಯ ನೆಂಟರು ಮಲ್ಲಾಜಮ್ಮನವರನ್ನೂ ಸೋಮಶೇಖರ್ ಅವರನ್ನೂ ಕರೆದುಕೊಂಡು ಬಾಳೆಹಣ್ಣು ಹಿಡಿದು ಬಂದು ಕುಳಿತಾಗ. ಪಲ್ಲವಿ ಗಂಡನ ಪುಟದಿಂದ ಬಿಡುಗಡೆ ಬೇಕೆಂದು ಬರೆದುಕೊಟ್ಟಿದ್ದಾಳೆಂದು ಎರಡು ತಾಲ್ಲೂಕಿಗೂ ಸುದ್ದಿಯಾಗಿತ್ತು. ಅತ್ತೆ ಚಿಕ್ಕಬಸಮ್ಮನವರು ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದರು. ನನ್ನ ದೊಡ್ಡಪ್ಪ ಚೆಲುವಯ್ಯನವರು, ಎಣ್ಣು ತಗ್ಗಿ ಬಗ್ಗಿ ನಡೀಬೇಕು ಎಂದು ಶುರುಮಾಡಿದರು. ನಾನು ಸರ್ವರ್, ಲಿಂಕು, ಪುಟ ಎಂದು ಏನು ವಿವರಿಸಿದರೂ, ಗಂಡನಿಂದ ಬಿಡಿಸಿಕೊಳ್ಳಲು ಹುಡುಕಿದ ಹೊಸ ನೆಪವೆಂದೇ ಅವರಿಗೆ ಕೇಳಿಸುತ್ತಿತ್ತು.

ಕೊನೆಗೆ ಯಜಮಾನರು, ಸಿಮೆಂಟು ಮೆತ್ತಿದ ಕೈಯನ್ನು ಪಂಚೆಗೆ ಒರೆಸಿಕೊಂಡು, ಅಷ್ಟು ಜನರ ಎದುರು ಮೊದಲ ಸಲ ಬಾಯಿಬಿಟ್ಟರು. "ಅವ್ಳು ಎಲ್ಲಿಗೂ ಓಗಿಲ್ಲ ಕಣ್ ಮಾವ. ಅಂಗ್ಡಿ ನಂಜನಗೂಡಲ್ಲೇ ಅದೆ, ಅವ್ಳು ಬೆಳಿಗ್ಗೆ ಓಯ್ತಾಳೆ, ಸಂಜೆ ಬತ್ತಾಳೆ. ಮದ್ವೆ ಆಗಿದ್ದು ನಾವು. ಅವಳ ಕೆಲ್ಸ ನನ್ನ ಕಟ್ಕೊಂಡಿಲ್ಲ." ಮಲ್ಲಾಜಮ್ಮನವರು ಸ್ವಲ್ಪ ಯೋಚಿಸಿ, "ಅಂಗಾದ್ರೆ ಬುಡು, ಎಣ್ಣು ಇಲ್ಲಿರ್ಲಿ, ಲಿಂಕು ಅಲ್ಲಿರ್ಲಿ" ಎಂದು ತೀರ್ಪು ಕೊಟ್ಟು ಬಾಳೆಹಣ್ಣು ಸುಲಿದರು. ಸೋಮಶೇಖರ್ ಅಲ್ಲೇ ಜಗುಲಿಯ ಮೇಲೆ ಕುಳಿತು ನನ್ನ ಹೆಸರಿಗೇ ಒಂದು ಹೊಸ ಪುಟ ಮಾಡಿ, ಹಳೆಯ ಲಿಂಕನ್ನು ಅದಕ್ಕೆ ತಿರುಗಿಸಿದರು. ಅತ್ತೆಯವರು ಕಣ್ಣೊರೆಸಿಕೊಂಡು ಎಲ್ಲರಿಗೂ ಕಾಫಿ ಮಾಡಲು ನನ್ನನ್ನು ಕರೆದರು.

ಇಲ್ಲಿಗೆ ಮುಗಿದಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ. ಆದರೆ ತಾವು ಒಮ್ಮೆ 'ಶಾಶ್ವತ' ಎಂದು ಹೇಳಿಬಿಟ್ಟರೆ ಕೇಳಿಸಿಕೊಂಡ ಫೋನು ಅದನ್ನು ನೆನಪಿಟ್ಟುಕೊಳ್ಳುತ್ತದಂತೆ. ಮತ್ತೆ ಹಳೆಯ ಬಾಗಿಲಿಗೆ ಬಂದು ವಿಚಾರಿಸುವ ಗೋಜಿಗೇ ಹೋಗದೆ ನೇರ ರಿಂಗಿಗೆ ನಡೆಯುತ್ತದಂತೆ. ಹೊಸದಾಗಿ ಒತ್ತುವವರು ನನ್ನ ಬಳಿ ಬರುತ್ತಿದ್ದಾರೆ. ಒಂದು ಸಲ ದಾರಿ ತಪ್ಪಿದವರು, ಅಂದರೆ ನನ್ನನ್ನು ನಂಬಿ ಮೊದಲೇ ಒತ್ತಿದ್ದವರೆಲ್ಲ, ಇವತ್ತಿಗೂ ನರಸೀಪುರಕ್ಕೇ ಹೋಗುತ್ತಾರೆ. ಒಂದು ಸಲ ಕೇಳಿದ ಸುದ್ದಿಯನ್ನು ಮತ್ತೆ ವಿಚಾರಿಸದೆ ಸಾಯುವವರೆಗೆ ಹೇಳಿಕೊಂಡು ತಿರುಗುವುದು ನೆಂಟರ ಗುಣವೆಂದು ತಿಳಿದಿದ್ದೆ, ಅದನ್ನು ಯಂತ್ರಕ್ಕೂ ಕಲಿಸಿದ ಕೀರ್ತಿ ತಮ್ಮದು.

ಇಂಥ ಸಾಮರ್ಥ್ಯವುಳ್ಳವರನ್ನು ಕೇವಲ ಲಿಂಕಿನ ಕೆಲಸಕ್ಕೆ ಸವೆಸುವುದು ಅನ್ಯಾಯವಾದ್ದರಿಂದ, ತಮ್ಮಲ್ಲಿ ಕೆಲವು ವಿನಂತಿಗಳಿವೆ. ನಾನು ಶಾಶ್ವತವಾಗಿ ಚೆಲುವರಾಜು ಅವರ ಬಳಿಗೆ ಹೋದವಳೆಂಬುದು ತಮ್ಮ ನಿಲುವಾದರೆ, ಬೆಳಗಿನ ಜಾವ 'ಪಲ್ಲವೀ, ನಲ್ಲಿ ನೀರು ಬಂತು' ಎಂದು ಏಳುವ ಕೂಗನ್ನೂ ದಾರಿಯಲ್ಲೇ ಹಿಡಿದು ಅವರ ಕಿವಿಗೆ ಮುಟ್ಟಿಸಬೇಕು. ಪಲ್ಲವಿಯನ್ನು ಹುಡುಕಿಕೊಂಡು ಬರುವ ರೇಷನ್ನಿನ ಹೆಬ್ಬೆಟ್ಟು, ಖಾಲಿಯಾದ ಗ್ಯಾಸು, ಹಿಟ್ಟು ಮುಗಿದ ಡಬ್ಬಿ, ಸೋದರತ್ತೆಯ ಮೊಮ್ಮಗನ ನಾಮಕರಣಕ್ಕೆ ಮನೆಯಿಂದ ಒಬ್ಬರಾದರೂ ಬರಬೇಕೆಂಬ ಆಗ್ರಹ, ಇವನ್ನೆಲ್ಲ ಅದೇ ದಾರಿಯಲ್ಲಿ ಕಳುಹಿಸಬೇಕು. ಹೆಸರು ಅವರದಾದಮೇಲೆ ತೊಳೆಯುವ ಪಾತ್ರೆಯೂ ಅವರದಾಗಲಿ. ಇವುಗಳಿಗೆ ಬೇಕಾದರೆ ತಮ್ಮ ಸೋದರರನ್ನು ಹಾಕಿ, ಟೆಂಪ್ರವರಿಯಾದರೂ ನನ್ನದೇನೂ ಅಭ್ಯಂತರವಿಲ್ಲ. ಹಾಗೆಯೇ ಸಂಜೆ ನರಸೀಪುರದ ಬಸ್ಸಿನಲ್ಲಿ ನನಗೆ ಸಿಗಬೇಕಾದ ಸೀಟು ಪ್ರತಿದಿನ ಯಾರ ಪುಟಕ್ಕೆ ಹೋಗುತ್ತಿದೆ ಎಂದು ವಿಚಾರಿಸಿ, ಅದನ್ನೂ ಹಿಂದಕ್ಕೆ ತಿರುಗಿಸಿಕೊಡಬೇಕು.

ಕಳೆದ ವಾರ ಸಿದ್ದಲಿಂಗಮ್ಮನವರು ಅಂಗಡಿಗೆ ಬಂದಿದ್ದರು. ಹೆಮ್ಮರಗಾಲದಿಂದ ಬಸ್ಸಿನಲ್ಲಿ, ಬಿಸಿಲಿನಲ್ಲಿ, ಚಿಕ್ಕ ಮಗಳ ಸೀರೆಯನ್ನು ಚೀಲದಲ್ಲಿ ಹಾಕಿಕೊಂಡು. ಮನೆಯ ಮುಂದೆ ಉಳಿಸಿಕೊಂಡ ಒಂದು ರಿಂಗಿನಲ್ಲಿ ಮಲ್ಲಿಗೆ ಬಳ್ಳಿ ಹಾಕಿದ್ದಾರಂತೆ, ಚೆನ್ನಾಗಿ ಬಂದಿದೆಯಂತೆ. "ಫೋನು ಈಗ್ಲೂ ಬಾವಿನೇ ತೋರ್ಸದು ಕಣವ್ವ. ಅದ್ಕೆ ನಾನೇ ಕೇಳ್ಕೊಂಡು ಬಂದೆ. ನೀನು ಇಲ್ಲೇ ಇದ್ದೀಯಲ್ಲ, ಸದ್ಯ" ಎಂದು ಸೀರೆ ನನ್ನ ಮಡಿಲಿಗೆ ಹಾಕಿ, ನೀರು ಕೇಳಿ ಕುಡಿದು, ಫ್ಯಾನಿನ ಕೆಳಗೆ ಕುಳಿತರು. ನನಗೆ ಸ್ವಲ್ಪ ಹೊತ್ತು ಸೂಜಿಯ ಕಣ್ಣು ಕಾಣಿಸಲಿಲ್ಲ.

ಆ ದಿನದಿಂದ ನನ್ನ ಚೀಟಿ ಬದಲಾಗಿದೆ. ಲಿಂಕು ಇದೆ, ಕಪ್ಪು ಚೌಕವಿದೆ. ಅದರ ಕೆಳಗೆ, ಯಾವ ಫೋನೂ ಓದದಂತೆ, ಆದರೆ ರವಿಕೆ ತಿರುಗಿಸಿದ ಯಾವ ಹೆಂಗಸಾದರೂ ಓದುವಂತೆ, ಕೆಂಪು ದಾರದಲ್ಲಿ ಒಂದು ಸಾಲು ಹೊಲಿಯುತ್ತಿದ್ದೇನೆ: 'ಇದನ್ನು ಹೊಲಿದವಳು ಎಲ್ಲಿಗೂ ಹೋಗಿಲ್ಲ.'

ತಾವು ಎಲ್ಲಿಗೆ ಕಳುಹಿಸಿದರೂ ಇದ್ದಲ್ಲೇ ಇರುವ,
ತಮ್ಮ ವಿಶ್ವಾಸಿ,
ಪಲ್ಲವಿ
ಬಸ್ ನಿಲ್ದಾಣದ ಹಿಂದಿನ ಓಣಿ, ನಂಜನಗೂಡು

ಮರೆತ ಮಾತು: ಸೋಮಶೇಖರ್ ಅವರಿಗೆ ತಗಡೂರಿನ ಹುಡುಗಿಯೊಡನೆ ಮದುವೆ ನಿಶ್ಚಯವಾಗಿದೆ. ಮಾವನವರದು ಹಿಟ್ಟಿನ ಗಿರಣಿ. ಸೋಮಶೇಖರ್ ಅವರ 'ಕಂಪ್ಯೂಟರ್ ಸೇವೆ' ಪುಟವನ್ನು ಧಾರೆಯ ದಿನವೇ ಗಿರಣಿಯ ಪುಟಕ್ಕೆ ಕಳುಹಿಸಿ, ಕೊನೆಯಲ್ಲಿ 'ಅಳಿಯಂದಿರಿಗೆ ಕಂಪ್ಯೂಟರೂ ಬರುತ್ತದೆ' ಎಂದು ಸೇರಿಸಬೇಕೆಂಬ ನನ್ನ ಸಲಹೆಗೆ ಮಲ್ಲಾಜಮ್ಮನವರು ತಲೆಯಾಡಿಸಿದ್ದಾರೆ. ಸೋಮಶೇಖರ್ ಅವರನ್ನು ಕೇಳಿಲ್ಲ. ನನ್ನನ್ನೂ ಯಾರೂ ಕೇಳಿರಲಿಲ್ಲ. ತಾವೇ ಬಂದು ನಿಲ್ಲಬೇಕು, ಸೋದರರನ್ನು ಕಳುಹಿಸಬೇಡಿ. ಟೆಂಪ್ರವರಿ ಎಂದು ಬರೆದರೆ ಹೆಣ್ಣಿನ ಕಡೆಯವರಿಗೆ ನೋವಾದೀತು.